ಪಂಚನಾಗಿ ಕೂತವನು ಕಾಫಿ ಕುಡಿಯಬಹುದೆ?

ಒಮಾನಿನ ನ್ಯಾಯಾಲಯಗಳಲ್ಲಿ ಜ್ಯೂರಿ ಎಂಬ ಏರ್ಪಾಡು ಇಲ್ಲ. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಇತ್ತು, ಅದನ್ನು ತೆಗೆದುಹಾಕಿಯೂ ಬಹಳ ವರ್ಷಗಳಾದವು. ಹಾಗಿದ್ದೂ ನಾನು ಮಸ್ಕತ್ತಿನಲ್ಲಿ ಒಮ್ಮೆ ಜ್ಯೂರಿಯಾಗಿ ಕೂತಿದ್ದೇನೆ ಎಂದರೆ ಜನ ನನ್ನ ಮುಖ ನೋಡುತ್ತಾರೆ. ಹೆಂಡತಿ ಪಕ್ಕದಲ್ಲಿದ್ದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಾಳೆ. ಅವಳು ನಗಲಿ. ನಾಳೆ ನಿಮಗೂ ಎಲ್ಲಿಂದಲಾದರೂ ಅಂಥ ಕರೆ ಬಂದರೆ ಅಲ್ಲಿ ಏನೇನು ಕಾದಿರುತ್ತದೆ ಎಂದು ತಿಳಿಸುವುದು ಅನುಭವಸ್ಥನಾದ ನನ್ನ ಕರ್ತವ್ಯ. ಮುಖ್ಯವಾಗಿ ಕಾಫಿಯ ವಿಷಯದಲ್ಲಿ ಎಚ್ಚರಿಕೆ ಬೇಕು.

ಈ ಶತಮಾನ ಶುರುವಾಗಿ ಕೆಲವೇ ವರ್ಷಗಳಾಗಿದ್ದ ಕಾಲ. ನಾವಿದ್ದದ್ದು ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯಲ್ಲಿ, ಗ್ಯಾರೇಜುಗಳ ಸಾಲಿನ ಹಿಂದಿನ ಒಂದು ಹಳೆಯ ಕಟ್ಟಡದಲ್ಲಿ. ಬೆಳಗಾದರೆ ತಗಡು ಬಡಿಯುವ ಸದ್ದು, ಟೈರಿಗೆ ಗಾಳಿ ತುಂಬುವ ಸದ್ದು, ಯಾರೋ ಯಾರನ್ನೋ ಮಲಯಾಳದಲ್ಲಿ ಬೈಯುವ ಸದ್ದು. ಅದಕ್ಕೆಲ್ಲ ಕಿವಿ ಒಗ್ಗಿಹೋಗಿತ್ತು. ಬಾಡಿಗೆ ಕಡಿಮೆ, ಮಕ್ಕಳ ಶಾಲೆ ನಡೆದು ಹೋಗುವಷ್ಟು ಹತ್ತಿರ. ಆ ಶಾಲೆಗಾಗಿಯೇ ಆ ಕಟ್ಟಡಗಳಲ್ಲಿ ಮನೆ ಸಿಗುವುದು ದುಸ್ತರವಾಗಿತ್ತು. ಒಮ್ಮೆ ಖಾಲಿ ಮಾಡಿದವರಿಗೆ ಮತ್ತೆ ಆ ಬೀದಿಯಲ್ಲಿ ಬಾಗಿಲು ತೆರೆಯುತ್ತಿರಲಿಲ್ಲ.

ನಮ್ಮದು ಎರಡನೇ ಮಹಡಿ. ಎದುರು ಬಾಗಿಲಲ್ಲಿ ಒಬ್ಬ ಅಕ್ಕ ಇದ್ದರು. ಮನೆಯಲ್ಲಿ ತುಳು, ನಮ್ಮೊಡನೆ ಕರಾವಳಿಯ ಕನ್ನಡ. ಗಂಡ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದ ಮಿತಭಾಷಿ. ಇಬ್ಬರು ಮಕ್ಕಳು, ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು. ಮತ್ತು ಒಂದು ಗ್ರೈಂಡರು. ಅದನ್ನು ನಾನು ಮನೆಯ ಸದಸ್ಯರ ಜೊತೆಗೇ ಎಣಿಸುವುದಕ್ಕೆ ಕಾರಣವಿದೆ. ಅಕ್ಕ ಅದನ್ನು ಮಂಗಳೂರಿನಿಂದ ಬಿಡಿಬಿಡಿಯಾಗಿ ತಂದಿದ್ದರು. ಡ್ರಮ್ಮು ಯಾರದೋ ಸಾಮಾನಿನಲ್ಲಿ, ಮೋಟಾರು ಇನ್ಯಾರದೋ ಪೆಟ್ಟಿಗೆಯಲ್ಲಿ ಬಂದಿತ್ತು. ಕಲ್ಲನ್ನು ಮಾತ್ರ ಯಾರನ್ನೂ ನಂಬದೆ ತಾವೇ ಹೊತ್ತು ತಂದರು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ ಇದೇನೆಂದು ಕೇಳಿದನಂತೆ. ಅಕ್ಕ ‘ಇಡ್ಲಿ’ ಎಂದರಂತೆ. ಅವನಿಗೆ ತಿಳಿಯಲಿಲ್ಲ. ಅಕ್ಕ ಅಲ್ಲೇ ಕೈ ಗರಗರ ತಿರುಗಿಸಿ ರುಬ್ಬುವ ಅಭಿನಯ ಮಾಡಿ, ಬಾಯಿಗೆ ತುತ್ತಿಟ್ಟು ತೋರಿಸಿದ ಮೇಲೆ ಅವನು ನಕ್ಕು ಬಿಟ್ಟುಬಿಟ್ಟನಂತೆ.

ಆ ಕಲ್ಲಿನ ಋಣ ಇಡೀ ಕಟ್ಟಡದ ಮೇಲಿತ್ತು. ವಾರಕ್ಕೆ ಎರಡು ಮೂರು ಬೆಳಗ್ಗೆ ಅಕ್ಕ ದೊಡ್ಡದಾಗಿ ರುಬ್ಬುತ್ತಿದ್ದರು. ತಮ್ಮ ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಡಬ್ಬಿಗಳಲ್ಲಿ ತುಂಬಿ ಮನೆಮನೆಗೆ ಕೊಡುತ್ತಿದ್ದರು. ದುಡ್ಡಿನ ಮಾತೆತ್ತಿದರೆ ಸಿಟ್ಟು. ನಾವು ಅಕ್ಕಿಯನ್ನೋ ಉದ್ದನ್ನೋ ತಂದು ಅವರ ಬಾಗಿಲಲ್ಲಿಟ್ಟು ಓಡಿಬರುತ್ತಿದ್ದೆವು. ರುಬ್ಬುತ್ತಿದ್ದುದು ನಸುಕಿನಲ್ಲಿ. ಮಸ್ಕತ್ತಿನ ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ರುಬ್ಬಿದರೆ ಹಿಟ್ಟು ಮಧ್ಯಾಹ್ನಕ್ಕೇ ಹುಳಿಯಾಗಿ ಡಬ್ಬಿಯಿಂದ ಹೊರಗೆ ಬಂದು ನಿಂತಿರುತ್ತದೆ.

ಅಕ್ಕನ ಅಡುಗೆಮನೆಗೆ ಸರಿಯಾಗಿ ಕೆಳಗೆ, ಮೊದಲ ಮಹಡಿಯಲ್ಲಿ, ಬೆಂಗಳೂರಿನಿಂದ ಒಬ್ಬ ಹೊಸಬ ಬಂದ. ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಘಟಕದಲ್ಲಿ ಅವನಿಗೆ ರಾತ್ರಿ ಪಾಳಿ. ನಸುಕಿಗೆ ಮನೆಗೆ ಬಂದು ತಲೆ ದಿಂಬಿಗೆ ತಾಗಿಸುವ ಹೊತ್ತಿಗೆ ಮೇಲೆ ಕಲ್ಲು ತಿರುಗಲು ಶುರು. ಅವನ ಮಂಚದ ಮೇಲಿನ ದೀಪ ಅಲುಗಾಡುತ್ತಿತ್ತಂತೆ. ಕೆಲವು ವಾರ ಸಹಿಸಿಕೊಂಡು, ಒಂದು ದಿನ ನೇರವಾಗಿ ಕಟ್ಟಡದ ಮಾಲೀಕರಿಗೆ ಫೋನು ಮಾಡಿ, ಮೇಲಿನ ಮನೆಯಲ್ಲಿ ಕಾರ್ಖಾನೆ ನಡೆಸುತ್ತಿದ್ದಾರೆ ಎಂದ.

ಮಾಲೀಕರು ವಯಸ್ಸಾದ ಒಮಾನಿ. ಪ್ರಾಯದಲ್ಲಿ ಖರ್ಜೂರದ ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋಗಿ ಬಂದವರಾದ್ದರಿಂದ ಹಿಂದಿ ಸಲೀಸು. ‘ಕಾರ್ಖಾನೆ’ ಎಂಬ ಮಾತು ಕೇಳಿ ಅವರಿಗೆ ಗಾಬರಿಯಾಯಿತು. ಮನೆಯಲ್ಲಿ ಪರವಾನಗಿ ಇಲ್ಲದೆ ವ್ಯಾಪಾರ ನಡೆಸಿದರೆ ಬಲದಿಯಾದವರು, ಅಂದರೆ ಅಲ್ಲಿನ ಮುನಿಸಿಪಾಲಿಟಿಯವರು, ಬಂದು ಮಾಲೀಕರ ಕುತ್ತಿಗೆ ಹಿಡಿಯುತ್ತಾರೆ. ಅವರು ಎರಡೂ ಮನೆಯವರಿಗೆ ಹೇಳಿಕಳಿಸಿದರು: ಇಬ್ಬರೂ ಒಂದೇ ಕಡೆ ಇರುವುದು ಆಗದ ಮಾತು, ತಪ್ಪು ಯಾರದೋ ಅವರು ತಿಂಗಳ ಕೊನೆಗೆ ಖಾಲಿ ಮಾಡಬೇಕು. ಆದರೆ ತಪ್ಪು ಯಾರದು ಎಂದು ಹೇಳುವ ಪಾಪ ಅವರಿಗೆ ಬೇಡವಾಗಿತ್ತು.

ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ, “ನಿಮ್ಮಲ್ಲಿ ಪಂಚಾಯತ್ ಅಂತ ಇದೆಯಲ್ಲ, ಬೊಂಬಾಯಿಯಲ್ಲಿ ನೋಡಿದ್ದೇನೆ. ಮೂರು ಜನ ಕೂತು ಹೇಳಿ. ನೀವು ಹೇಳಿದ್ದೇ ಖಲಾಸ್,” ಎಂದರು.

ಮೂವರಲ್ಲಿ ಒಬ್ಬರು ನೆಲಮಹಡಿಯಲ್ಲಿದ್ದ ಮಲಯಾಳಿ ದರ್ಜಿ. ಇನ್ನೊಬ್ಬರು ಮೂರನೇ ಮಹಡಿಯ ಗುಜರಾತಿ ಹಿರಿಯರು, ಕಿವಿ ಮಂದ. ಗ್ರೈಂಡರಿನ ಸದ್ದನ್ನು ಅವರು ಜೀವಮಾನದಲ್ಲಿ ಕೇಳಿರಲಿಲ್ಲವಾದ್ದರಿಂದ ಅವರಷ್ಟು ನಿಷ್ಪಕ್ಷಪಾತಿ ಬೇರೆ ಸಿಗುವಂತಿರಲಿಲ್ಲ. ಮೂರನೆಯವನು ನಾನು. ನನ್ನನ್ನು ಯಾಕೆ ಆರಿಸಿದರು ಎಂದು ಹೆಂಡತಿ ಕೇಳಿದಳು. ಮೈಸೂರಿನಲ್ಲಿ ಒಂದು ವರ್ಷ ಸಂಜೆ ಕಾಲೇಜಿನಲ್ಲಿ ಕಾನೂನು ಓದಿದವನ ಮುಖದಲ್ಲಿ ಒಂದು ಕಳೆ ಇರುತ್ತದೆ, ನೋಡಿದವರಿಗೆ ತಿಳಿಯುತ್ತದೆ. ಎರಡನೇ ವರ್ಷ ಯಾಕೆ ಓದಲಿಲ್ಲ ಎಂಬುದು ಇಲ್ಲಿ ಅಪ್ರಸ್ತುತ.

ಆ ಒಂದು ವರ್ಷದಲ್ಲಿ ಓದಿದ್ದೆಲ್ಲ ಮರೆತಿದ್ದರೂ ಜ್ಯೂರಿಯ ಬಗ್ಗೆ ಒಂದು ಸಂಗತಿ ತಲೆಯಲ್ಲಿ ಉಳಿದಿತ್ತು. ತೀರ್ಪು ಹೇಳುವವನು ವ್ಯಾಜ್ಯಕ್ಕೆ ಸಂಬಂಧಪಟ್ಟ ಯಾರಿಂದಲೂ ಏನನ್ನೂ ಸ್ವೀಕರಿಸಬಾರದು, ಒಂದು ಲೋಟ ನೀರನ್ನೂ ಕೂಡ. ಅಂದೇ ಮನೆಯಲ್ಲಿ ಕಟ್ಟುನಿಟ್ಟು ಜಾರಿಗೆ ತಂದೆ.

“ವಿಚಾರಣೆ ಮುಗಿಯೋವರೆಗೂ ಎದುರು ಮನೆ ಜೊತೆ ಮಾತಿಲ್ಲ,” ಎಂದೆ.

“ಹಿಟ್ಟು?” ಎಂದಳು ಹೆಂಡತಿ.

“ಹಿಟ್ಟೂ ತರೋ ಹಾಗಿಲ್ಲ.”

“ಹಾಗಾದ್ರೆ ಶುಕ್ರವಾರ ತಿಂಡಿಗೆ ಏನು ಮಾಡ್ಲಿ ರೀ? ನಿಮ್ಮ ನ್ಯಾಯಾನ ಹಬೆಯಲ್ಲಿ ಬೇಯಿಸ್ಲಾ?”

ಪುಣ್ಯಕ್ಕೆ ಫ್ರಿಜ್ಜಿನಲ್ಲಿ ಒಂದು ಡಬ್ಬಿ ಹಿಟ್ಟಿತ್ತು. ಅದು ದೂರು ದಾಖಲಾಗುವ ಮೊದಲು ಬಂದದ್ದು, ಆದ್ದರಿಂದ ಆಕ್ಷೇಪಾರ್ಹವಲ್ಲ ಎಂದು ನಾನು ತೀರ್ಮಾನಿಸಿದೆ. ವಿಚಾರಣೆಯ ದಿನ, ಅಲ್ಲಿನ ವಾರದ ರಜೆಯಾದ ಶುಕ್ರವಾರ ಬೆಳಗ್ಗೆ, ಅದೇ ಹಿಟ್ಟಿನ ಇಡ್ಲಿಯನ್ನು ಚಟ್ನಿಯೊಂದಿಗೆ ತಿಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಿಷ್ಪಕ್ಷಪಾತವಾದ ಮುಖ ಮಾಡಿಕೊಂಡು ಹೊರಟೆ. ಹೊರಡುವಾಗ ಅಕ್ಕನ ಬಾಗಿಲು ಅರ್ಧ ತೆರೆದಿತ್ತು. ಅವರ ಕಿರಿಯ ಮಗಳು ಇಣುಕಿ, “ಅಂಕಲ್, ವಿಲ್ ವಿ ಹ್ಯಾವ್ ಟು ಚೇಂಜ್ ಸ್ಕೂಲ್?” ಎಂದು ಕೇಳಿತು. ನ್ಯಾಯಾಧೀಶರು ಇಂಥ ಪ್ರಶ್ನೆಗೆ ಉತ್ತರಿಸಬಾರದು. ನಾನು ಕಾರಿನ ಕೀಲಿಯನ್ನು ಕಿಸೆಯಲ್ಲಿ ಹುಡುಕುತ್ತ ಮೆಟ್ಟಿಲಿಳಿದೆ.

ಮಾಲೀಕರ ಮನೆ ಹಮ್ರಿಯಾದ ಹಳೆಯ ಓಣಿಯೊಂದರಲ್ಲಿ. ನಾವು ಮೂವರು ಪಂಚರು, ಅಕ್ಕನ ಗಂಡ, ಆ ಬೆಂಗಳೂರಿನ ಹೊಸಬ, ಐವರೂ ನನ್ನ ಒಂದೇ ಕಾರಿನಲ್ಲಿ ಹೋದೆವು. ವಾದಿ ಪ್ರತಿವಾದಿಗಳಿಬ್ಬರೂ ಹಿಂದಿನ ಸೀಟಿನ ಎರಡು ತುದಿಗಳಲ್ಲಿ ಮುದುಡಿ ಕೂತು ಕಿಟಕಿಯಾಚೆ ನೋಡುತ್ತಿದ್ದರು. ನಡುವೆ ಗುಜರಾತಿ ಹಿರಿಯರು, ಇದು ಯಾವುದೋ ಮದುವೆಯ ದಿಬ್ಬಣವೆಂಬಂತೆ ಪ್ರಸನ್ನವಾಗಿದ್ದರು. ಹೊಸಬ ಪಾಳಿ ಮುಗಿಸಿ ನೇರವಾಗಿ ಬಂದಿದ್ದ. ಕಣ್ಣು ಕೆಂಡದ ಹಾಗೆ ಕೆಂಪಗಿದ್ದವು. ಕನ್ನಡಿಯಲ್ಲಿ ಅವನ ಮುಖ ಕಂಡಾಗ ನನಗೆ ನಿಜಕ್ಕೂ ಅಯ್ಯೋ ಅನ್ನಿಸಿತು.

“ನನ್ಗೇನು ಅವ್ರ ಮೇಲೆ ಸಿಟ್ಟಿಲ್ಲ ಸಾರ್,” ಎಂದ ಅವನು. “ನಿದ್ದೆ ಬೇಕು, ಅಷ್ಟೇ. ಊರಿಂದ ಹೆಂಡ್ತಿ ಮಗು ಬರೋ ಮುಂಚೆ ನಾನು ಮನುಷ್ಯ ಆಗ್ಬೇಕು.”

“ವಿಚಾರಣೆಯಲ್ಲಿ ಹೇಳಿ,” ಎಂದೆ ಗಂಭೀರವಾಗಿ.

ಮಾಲೀಕರು ಬಾಗಿಲಲ್ಲೇ ನಿಂತು ನಮ್ಮನ್ನು ಮಜ್ಲಿಸಿಗೆ ಕರೆದೊಯ್ದರು. ಅತಿಥಿಗಳು ಕೂರುವ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ದಿಂಬು, ನೆಲಕ್ಕೆ ಕೆಂಪು ಜಮಖಾನ. ನಾವು ಕಾಲು ಮಡಚಿ ಕೂತೆವು. ಕ್ಷೇಮ ಸಮಾಚಾರವಾಯಿತು, ನಮ್ಮೆಲ್ಲರ ತಂದೆತಾಯಿಯರ ಆರೋಗ್ಯವಾಯಿತು, ಖರ್ಜೂರವೂ ಹಲ್ವವೂ ಬಂದವು. ನಾನು ಕೈ ಮುಟ್ಟಿಸಲಿಲ್ಲ. ಆಮೇಲೆ ಮಾಲೀಕರೇ ಎದ್ದು, ಎಡಗೈಯಲ್ಲಿ ಕೊಕ್ಕಿನ ಹೂಜಿ, ಬಲಗೈಯಲ್ಲಿ ಹಿಡಿಯಿಲ್ಲದ ಪುಟ್ಟ ಬಟ್ಟಲು ಹಿಡಿದು ಬಂದರು.

ಕಹ್ವಾ, ಅಂದರೆ ಅರಬರ ಕಾಫಿ, ನನಗೆ ಹೊಸದೇನಲ್ಲ. ಆಫೀಸಿನಲ್ಲೂ ಕೊಡುತ್ತಿದ್ದರು. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ಉಂಟು. ಮೈಸೂರಿನ ಫಿಲ್ಟರ್ ಕಾಫಿ ಕುಡಿದು ಬೆಳೆದ ನಾಲಗೆಗೆ ಅದು ಕಷಾಯದ ತಂಗಿ. ಸಾಕು ಎನ್ನಿಸಿದಾಗ ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ ಎಂಬಷ್ಟನ್ನು ಕಲಿತು, ಒಮಾನನ್ನು ಅರೆದು ಕುಡಿದವನ ಹಾಗೆ ಓಡಾಡುತ್ತಿದ್ದೆ. ಆದರೆ ಅಂದು ನಾನು ಪಂಚ. ಮಾಲೀಕರು ಈ ವ್ಯಾಜ್ಯಕ್ಕೆ ಸಂಬಂಧಪಟ್ಟವರು. ಆದ್ದರಿಂದ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತುಟಿಗೆ ಸೋಕಿಸದೆ, ನನ್ನ ಮುಂದೆ ಜಮಖಾನದ ಮೇಲೆ ನಿಧಾನವಾಗಿ ಇಟ್ಟೆ. ಇಟ್ಟು ಕೈಕಟ್ಟಿ ಕೂತೆ.

ದರ್ಜಿ ನನ್ನನ್ನು ನೋಡಿದರು. ವಿದ್ಯಾವಂತ ಮಾಡಿದ್ದಾನೆಂದರೆ ಇದೇ ಕ್ರಮವಿರಬೇಕೆಂದು ಅವರೂ ಬಟ್ಟಲನ್ನು ಕೆಳಗಿಟ್ಟರು. ಗುಜರಾತಿ ಹಿರಿಯರು ಇಬ್ಬರನ್ನೂ ನೋಡಿ ತಮ್ಮದನ್ನೂ ಇಟ್ಟರು. ಕೆಂಪು ಜಮಖಾನದ ಮೇಲೆ ಸಾಲಾಗಿ ಮೂರು ತುಂಬಿದ ಬಟ್ಟಲು.

 ಮಾಲೀಕರು ಹೂಜಿಯನ್ನು ಕೆಳಗಿಟ್ಟು, ತಮ್ಮ ಜಾಗಕ್ಕೆ ಹೋಗಿ ಕೂತು, ತಲೆಯ ಕಸೂತಿ ಟೋಪಿಯನ್ನು ಸರಿಮಾಡಿಕೊಂಡರು. ಅವರ ಮುಖದಲ್ಲಿದ್ದ ನಗು ಹೋಗಿತ್ತು.

“ಬೋಲೋ ಭಾಯ್,” ಎಂದರು. “ಏನು ಬೇಕು?”

ತೀರ್ಪನ್ನು ಇಷ್ಟು ಬೇಗ ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಮೊದಲು ಎರಡೂ ಕಡೆಯವರ ಹೇಳಿಕೆ ಕೇಳಬೇಕಾಗುತ್ತದೆ, ಆಮೇಲೆ ಪಂಚರು ಪ್ರತ್ಯೇಕವಾಗಿ ಸಮಾಲೋಚಿಸಬೇಕಾಗುತ್ತದೆ ಎಂದು ನನ್ನ ಮೈಸೂರು ಹಿಂದಿಯಲ್ಲಿ ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

“ಅದೆಲ್ಲ ಆಮೇಲೆ. ಮೊದಲು ನೀನು ಏನು ಕೇಳಲು ಬಂದಿದ್ದೀಯೋ ಅದನ್ನು ಹೇಳು. ಕಾಫಿ ಆರುತ್ತಿದೆ.”

ನಾನು ಮಿಕಿಮಿಕಿ ನೋಡಿದೆ. ನನಗೆ ಏನೂ ತಿಳಿದಿಲ್ಲವೆಂಬುದು ಅವರಿಗೆ ಆಗ ತಿಳಿಯಿತು. ಮುದುಕರ ಮುಖ ಸ್ವಲ್ಪ ಸಡಿಲವಾಯಿತು. ನಿಧಾನವಾಗಿ ವಿವರಿಸಿದರು. ಅವರಲ್ಲಿ ಮನೆಗೆ ಬಂದವನು ಕೊಟ್ಟ ಕಹ್ವಾವನ್ನು ತುಟಿಗೂ ಸೋಕಿಸದೆ ನೆಲಕ್ಕಿಟ್ಟರೆ ಅವನಿಗೆ ಒಂದು ದೊಡ್ಡ ಬೇಡಿಕೆ ಇದೆ ಎಂದು ಅರ್ಥ. ಆಗಲಿ ಎಂದು ಮನೆಯವನು ಮಾತು ಕೊಡುವವರೆಗೆ ಅವನು ಕುಡಿಯುವುದಿಲ್ಲ. ಕುಡಿಯದೆಯೇ ಎದ್ದುಹೋದರೆ ಆ ಮನೆಗೆ ಅವಮಾನ.

“ನನ್ನ ತಂದೆಯ ಮುಂದೆ ಒಬ್ಬನು ಬಟ್ಟಲಿಟ್ಟು ಕೂತದ್ದನ್ನು ನೋಡಿದ್ದೇನೆ,” ಎಂದರು. “ಒಬ್ಬನು. ನೀವು ಮೂರು ಜನ ಒಟ್ಟಿಗೆ ಇಟ್ಟಿದ್ದೀರಿ. ಹಾಗಾದರೆ ಏನೋ ಬಹಳ ದೊಡ್ಡದೇ ಇರಬೇಕು.”

 ನಾನು ಲಂಚ ಬೇಡವೆಂದು ಇಟ್ಟದ್ದು ಬೇಡಿಕೆಯಾಗಿ ಕೂತಿತ್ತು. ಏನೂ ಇಲ್ಲ ಎಂದು ಎತ್ತಿ ಕುಡಿದುಬಿಡಬಹುದಿತ್ತು. ಎತ್ತಲು ಕೈ ಚಾಚಿದೆ ಕೂಡ. ಆಗ ಎದುರಿಗೆ ಕೂತಿದ್ದ ಇಬ್ಬರ ಮುಖ ಕಂಡಿತು. ಅಕ್ಕನ ಗಂಡ ತಲೆ ತಗ್ಗಿಸಿ ಜಮಖಾನದ ಅಂಚಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು. ಹೊಸಬ ಕೂತಲ್ಲೇ ತೂಕಡಿಸಿ, ಬೆಚ್ಚಿ ಎದ್ದು, ಮತ್ತೆ ತೂಕಡಿಸುತ್ತಿದ್ದ. ಇವರಲ್ಲಿ ಒಬ್ಬರನ್ನು ಬೀದಿಗೆ ಹಾಕುವುದಕ್ಕೆ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದೇನೆ ಎಂದು ಆಗ ಮೊದಲ ಬಾರಿಗೆ ಹೊಳೆಯಿತು. ಹೊಳೆದು ಹೆದರಿಕೆಯಾಯಿತು.

“ಎರಡೂ ಮನೆ ಉಳಿಯಬೇಕು,” ಎಂದುಬಿಟ್ಟೆ.

ಮಾಲೀಕರು ಮೂರು ಬಟ್ಟಲನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಭುಜ ಅಲುಗಾಡುವ ಹಾಗೆ ನಕ್ಕರು. “ನನ್ನ ತಲೆಯ ಮೇಲಿನ ಭಾರ ಇಳಿಸಿ ಎಂದು ನಿಮ್ಮನ್ನು ಕರೆದೆ. ನೀವು ಮೂರು ಜನ ಸೇರಿ ಮತ್ತೆ ನನ್ನ ತಲೆಯ ಮೇಲೇ ಇಟ್ಟಿರಿ. ಆಯಿತು, ಇಬ್ಬರೂ ಇರಲಿ. ಆ ಯಂತ್ರವನ್ನು ನೆಲಮಹಡಿಯ ಪಂಪಿನ ಕೋಣೆಯಲ್ಲಿಡಿ. ಅಲ್ಲಿ ಹೇಗೂ ಗಲಾಟೆಯೇ. ಖಲಾಸ್. ಯಲ್ಲಾ, ಈಗ ಕುಡಿಯಿರಿ.”

ಕುಡಿದೆವು. ಆರಿದ ಕಹ್ವಾ ಬಿಸಿಯದ್ದಕ್ಕಿಂತ ಒಂದು ಕೈ ಮೇಲು ಎಂಬ ಮಾತನ್ನು ಯಾರಾದರೂ ಹೇಳಿದರೆ ನಂಬಬೇಡಿ. ಗುಜರಾತಿ ಹಿರಿಯರು ಮಾತ್ರ ನಾಲ್ಕು ಸಲ ಹಾಕಿಸಿಕೊಂಡರು. ಹೊರಗೆ ಬಂದಮೇಲೆ, ವಿಚಾರಣೆ ಯಾವಾಗ ಶುರುವಾಗುತ್ತದೆ ಎಂದು ನನ್ನ ಕಿವಿಯಲ್ಲಿ ಕೇಳಿದರು.

ಮನೆಗೆ ಬಂದವನೇ ಮೆಟ್ಟಿಲು ಹತ್ತುವಾಗಿನಿಂದಲೇ ಕಥೆ ಶುರುಮಾಡಿದೆ. ಅಂದು ಮಧ್ಯಾಹ್ನದೊಳಗೆ ಕಟ್ಟಡದ ಪ್ರತಿ ಮನೆಗೂ ಬಟ್ಟಲು ಕೆಳಗಿಟ್ಟ ಪ್ರಸಂಗ ತಲುಪಿತ್ತು. ಪ್ರತಿ ಮನೆಯಲ್ಲೂ ನಾನು ಸ್ವಲ್ಪ ಸ್ವಲ್ಪ ಹೆಚ್ಚು ಜಾಣನಾಗುತ್ತ ಹೋಗಿ, ಕೊನೆಯ ಮನೆಯ ಹೊತ್ತಿಗೆ ಬಟ್ಟಲನ್ನು ಎಲ್ಲ ತಿಳಿದೇ ಇಟ್ಟಿದ್ದೆ. ಹೆಂಡತಿ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

“ಅದ್ಸರಿ, ಅಕ್ಕನ್ನ ಏನು ಕೇಳಿದ್ರಿ?”

“ಅಕ್ಕ ಅಲ್ಲಿರಲಿಲ್ಲ. ಅವರ ಯಜಮಾನರು ಬಂದಿದ್ರಲ್ಲ.”

“ರುಬ್ಬೋದು ಯಜಮಾನರಾ?”

ನಾನು ಸಿಟ್ಟಾಗಿ ಪೇಪರು ಹಿಡಿದೆ. ಗೆದ್ದು ಬಂದವನನ್ನು ಹೀಗೆ ಅಡ್ಡಪ್ರಶ್ನೆ ಕೇಳುವುದು ಸಭ್ಯತೆಯಲ್ಲ.

ಅಕ್ಕ ನಮ್ಮ ಮನೆಗೆ ಬಂದು ಧನ್ಯವಾದ ಹೇಳುತ್ತಾರೆಂದು ಕಾದೆ. ಬರಲಿಲ್ಲ. ಗ್ರೈಂಡರು ಪಂಪಿನ ಕೋಣೆಗೂ ಇಳಿಯಲಿಲ್ಲ. ಮರುದಿನ ನಸುಕಿನಲ್ಲಿ ಕಲ್ಲಿನ ಸದ್ದಿಲ್ಲ, ಅದರ ಮರುದಿನವೂ ಇಲ್ಲ. ಶುಕ್ರವಾರ ಬಂತು, ಡಬ್ಬಿ ಬರಲಿಲ್ಲ. ಹೆಂಡತಿ ರವೆ ಇಡ್ಲಿ ಮಾಡಿ ನನ್ನ ಮುಂದೆ ತಟ್ಟೆ ಕುಕ್ಕಿದಳು. ಮತ್ತೊಂದು ಶುಕ್ರವಾರವೂ ರವೆ ಇಡ್ಲಿಯೇ. ಕಟ್ಟಡದ ಜನ ಮೆಟ್ಟಿಲಲ್ಲಿ ಸಿಕ್ಕಾಗ ನನ್ನನ್ನು ನೋಡುವ ರೀತಿ ಬದಲಾಯಿತು. ದರ್ಜಿ ನನ್ನ ಪ್ಯಾಂಟಿನ ಸೊಂಟ ಬಿಡಿಸಿಕೊಡುವಾಗ, ಇನ್ನು ಬಿಡಿಸುವ ಅಗತ್ಯ ಬೀಳಲಾರದು ಎಂದು ಹೇಳಿ ನಿಟ್ಟುಸಿರುಬಿಟ್ಟರು.

ಆಮೇಲೆ ಸುದ್ದಿ ಬಂತು. ಅಕ್ಕ ಬೇರೆ ಮನೆ ಹುಡುಕಲು ಗಂಡನಿಗೆ ಹೇಳಿದ್ದಾರೆ, ಶಾಲೆ ಎಷ್ಟು ದೂರವಾದರೂ ಸರಿ ಎಂದಿದ್ದಾರೆ. ನನಗೆ ತಲೆಬುಡ ಅರ್ಥವಾಗಲಿಲ್ಲ. ಮನೆ ಉಳಿಸಿಕೊಟ್ಟವನು ನಾನು. ಅದನ್ನೇ ಬಿಟ್ಟು ಹೋಗುವವರಿಗೆ ಏನು ಹೇಳುವುದು?

ಒಂದು ಸಂಜೆ ಅಕ್ಕ ಬಂದೇಬಿಟ್ಟರು. ಹೆಂಡತಿ ಸೋಫಾ ತೋರಿಸಿದರೆ ಕೂರಲಿಲ್ಲ. ನೆಲದ ಮೇಲೆ, ಗೋಡೆಗೆ ಒರಗಿ, ಕಾಲು ಮಡಚಿ ಕೂತರು. ನಾನು ಆತುರಾತುರವಾಗಿ ಒಳಗೆ ಹೋಗಿ ನನ್ನ ಕೈಯಾರೆ ಕಾಫಿ ಬೆರೆಸಿ ತಂದೆ. ನಮ್ಮ ಮನೆಯಲ್ಲಿ ಫಿಲ್ಟರಿಗೆ ಕೈ ಹಾಕುವ ಅಧಿಕಾರ ನನಗೊಬ್ಬನಿಗೇ. ಮೊದಲ ಡಿಕಾಕ್ಷನ್, ಗಟ್ಟಿ ಹಾಲು, ಮೇಲೆ ನೊರೆ. ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ತುಟಿಗೆ ಸೋಕಿಸಲಿಲ್ಲ. ತಮ್ಮ ಮುಂದೆ ನೆಲದ ಮೇಲೆ ನಿಧಾನವಾಗಿ ಇಟ್ಟು ಕೈಕಟ್ಟಿ ಕೂತರು.

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು, ಆದರೆ ನಗಲಿಲ್ಲ.

“ಏನಕ್ಕ ಇದು?” ಎಂದೆ.

“ನಿಮ್ಮ ಕಥೆ ಇಡೀ ಬಿಲ್ಡಿಂಗಿಗೇ ಗೊತ್ತುಂಟಲ್ಲ ಮಾರಾಯ್ರೆ. ನನಗೂ ಗೊತ್ತುಂಟು,” ಎಂದರು. “ಕಾಫಿ ಆರ್ತಾ ಉಂಟು. ಕೇಳಿ, ಎಂತ ಬೇಕು ಅಂತ.”

“ಏನು ಬೇಕಕ್ಕ?”

“ನಾನು ತಪ್ಪು ಮಾಡಿದ್ದಾ ಇಲ್ವಾ? ಅದು ಹೇಳಿ.”

ನಾನು ಮನೆ ಉಳಿದದ್ದನ್ನು ನೆನಪಿಸಲು ಹೋದೆ. ಅವರ ದನಿ ಏರಿತು.

“ಮನೆ ಯಾರು ಕೇಳಿದ್ದು? ನೀವು ಹೋದದ್ದು ತೀರ್ಪು ಹೇಳ್ಲಿಕ್ಕೆ. ಹೇಳಿದ್ರಾ? ಇಲ್ಲ. ಭಿಕ್ಷೆ ಬೇಡಿ ಬಂದ್ರಿ, ಅದೂ ನನ್ನ ಹೆಸ್ರಲ್ಲಿ. ಕಾರ್ಖಾನೆ ಮಾಡ್ತಾಳೆ ಅಂತ ಹೇಳಿದ್ದು ಹಾಗೇ ಉಳೀತು. ಈಗ ಎಲ್ಲರೂ ಎಂತ ಹೇಳ್ತಾರೆ? ತಪ್ಪು ಅವಳದ್ದೇ, ಪಾಪ ಅಂತ ಬಿಟ್ರು ಅಂತ. ಪಾಪ ಅಂತ ಬಿಟ್ಟ ಮನೇಲಿ ನಾನು ಹೇಗೆ ಇರುದು? ನನ್ನ ಹತ್ರ ಒಂದು ಮಾತು ಕೇಳಿದವರಿಲ್ಲ. ಆ ಕೆಳಗಿನವರು ಕೇಳ್ಲಿಲ್ಲ, ಧಣಿ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ. ದಿನಾ ನನ್ನ ಹಿಟ್ಟು ತಿಂತಿದ್ರಲ್ಲ ನೀವು!”

ಕೊನೆಯ ಮಾತಿಗೆ ಅವರ ಕಣ್ಣು ತುಂಬಿದವು. ನನಗೆ ನೆಲ ಬಿರಿದು ಒಳಗೆ ಹೋಗಬೇಕು ಅನ್ನಿಸಿತು. ಇಷ್ಟು ದಿನ ನನ್ನ ಜಾಣತನ ಹೇಳಿಕೊಂಡು ಮಹಡಿಯಿಂದ ಮಹಡಿಗೆ ಅಲೆದಿದ್ದೆ; ಅಕ್ಕನ ಬಾಗಿಲೊಂದನ್ನು ಬಿಟ್ಟು.

ಕಾಫಿಯ ನೊರೆ ಇಳಿಯುತ್ತಿತ್ತು. ಜಾಣ ಮಾತು ಹೇಳಿ ಪಾರಾಗುವ ಹಾಗಿರಲಿಲ್ಲ. ಅವರಿಗೆ ಸಮಾಧಾನ ಬೇಕಾಗಿರಲಿಲ್ಲ, ತೀರ್ಪು ಬೇಕಾಗಿತ್ತು. ಜೀವನದಲ್ಲಿ ನಾನು ಹೇಳಿದ ಒಂದೇ ಒಂದು ತೀರ್ಪು ಅದು. ಕಾನೂನು ಪುಸ್ತಕದ ಒಂದು ಪದವೂ ಅದಕ್ಕೆ ಉಪಯೋಗಕ್ಕೆ ಬರಲಿಲ್ಲ.

“ಕಾರ್ಖಾನೆ ಅಂದಿದ್ದು ಸುಳ್ಳು ಅಕ್ಕ. ಅದನ್ನ ಮಾಲೀಕರಿಗೆ ನಾನೇ ಹೋಗಿ ಹೇಳ್ತೀನಿ, ಎಲ್ಲರ ಎದುರಿಗೆ,” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. “ಆದ್ರೆ ಆ ಹೊತ್ತಿಗೆ ರುಬ್ಬಿದ್ದು ತಪ್ಪು. ಆತ ರಾತ್ರಿಯಿಡೀ ಎದ್ದಿದ್ದು ಬರ್ತಾನೆ. ಕೂತಲ್ಲೇ ತೂಕಡಿಸ್ತಾನೆ. ನಾನೇ ನೋಡಿದೀನಿ.”

ಮುಗಿಯಿತು, ಇನ್ನು ಈ ಜನ್ಮದಲ್ಲಿ ಇಡ್ಲಿ ಇಲ್ಲ ಎಂದುಕೊಂಡೆ. ಅಕ್ಕ ಕಟ್ಟಿದ್ದ ಕೈ ಬಿಚ್ಚಿದರು.

“ರಾತ್ರಿ ಕೆಲಸವಾ ಅವರಿಗೆ?” ಎಂದರು.

“ನಿಮಗೆ ಗೊತ್ತಿರಲಿಲ್ವಾ?”

“ಯಾರು ಹೇಳಿದ್ದುಂಟು? ಒಂದು ಮೆಟ್ಲು ಸಾಲು ಹತ್ತಿ ಬಂದು, ‘ಅಕ್ಕ, ನಿದ್ದೆ ಬರೂದಿಲ್ಲ’ ಅಂತ ಹೇಳಿದ್ರೆ ಮರುದಿನವೇ ನಿಲ್ಲಿಸ್ತಿದ್ದೆ. ನನ್ನ ಅಪ್ಪನಿಗೂ ದೋಣಿಯಲ್ಲಿ ರಾತ್ರಿ ಕೆಲಸವೇ. ಅವರು ಹಗಲು ಮಲಗಿದ್ರೆ ಅಮ್ಮ ನಮಗೆ ಬಳೆ ಶಬ್ದ ಮಾಡ್ಲಿಕ್ಕೂ ಬಿಡ್ತಿರ್ಲಿಲ್ಲ.”

ಲೋಟ ಎತ್ತಿ, ಒಂದೇ ಗುಟುಕಿಗೆ ಅಷ್ಟನ್ನೂ ಕುಡಿದು ಮುಖ ಸಿಂಡರಿಸಿದರು. “ತಣ್ಣಗಾಗಿದೆ. ಸಕ್ಕರೆಯೂ ಕಡಿಮೆ,” ಎಂದು ಎದ್ದರು. ನನ್ನ ಕಾಫಿಗೆ ಸಕ್ಕರೆ ಕಡಿಮೆ ಎಂದವರನ್ನು ನಾನು ಸಾಮಾನ್ಯವಾಗಿ ಮತ್ತೆ ಮನೆಗೆ ಸೇರಿಸುವುದಿಲ್ಲ. ಅಂದು ಬಾಯಿ ಮುಚ್ಚಿಕೊಂಡಿದ್ದೆ.

ಮಾರನೆಯ ದಿನ ಕಲ್ಲು, ಡ್ರಮ್ಮು, ಮೋಟಾರು ಎಲ್ಲವೂ ಪಂಪಿನ ಕೋಣೆಗೆ ಇಳಿದವು. ಕಲ್ಲನ್ನು ಹೊರುವ ಶಿಕ್ಷೆ ಪಂಚರಿಗೇ ಬಿತ್ತು. ಬೇರೆ ಮನೆ ಹುಡುಕುವ ಮಾತು ಅಕ್ಕನ ಬಾಯಿಂದ ಮತ್ತೆ ಬರಲಿಲ್ಲ. ನಾನು ಹಮ್ರಿಯಾಕ್ಕೆ ಹೋಗಿ ಕಾರ್ಖಾನೆಯ ಮಾತು ಸುಳ್ಳೆಂದು ಹೇಳಿ, ಕೊಟ್ಟ ಕಹ್ವಾವನ್ನು ಬಿಸಿಬಿಸಿಯಾಗಿ ತಕ್ಷಣ ಕುಡಿದು, ಬಟ್ಟಲು ಅಲ್ಲಾಡಿಸಿ ಬಂದೆ.

ಅದೇ ವಾರ ಒಂದು ಸಂಜೆ ಆಫೀಸಿನಿಂದ ಬಂದು ಮೆಟ್ಟಿಲು ಹತ್ತುತ್ತಿದ್ದೆ. ಮೊದಲ ಮಹಡಿಯ ತಿರುವಿನಲ್ಲಿ ಮೇಲೆ ನೋಡಿ ಅಲ್ಲೇ ನಿಂತೆ. ಅಕ್ಕ ಡಬ್ಬಿ ಹಿಡಿದುಕೊಂಡು ಹೊಸಬನ ಬಾಗಿಲ ಮುಂದೆ ನಿಂತಿದ್ದರು. ಬಾಗಿಲು ತಟ್ಟಿರಲಿಲ್ಲ. ಒಳಗೆ ನಲ್ಲಿ ಬಿಟ್ಟ ಸದ್ದು, ಪಾತ್ರೆಯ ಸದ್ದು ಕೇಳುವವರೆಗೆ ಕಾದಿದ್ದು, ಆಮೇಲೆ ಎರಡು ಬೆರಳಲ್ಲಿ ಮೆಲ್ಲಗೆ ತಟ್ಟಿದರು. ಅವನು ಬಾಗಿಲು ತೆರೆದು, ಯಾರೆಂದು ಕಂಡು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

ಅಕ್ಕನ ಊರಲ್ಲಿ ಯಾರ ಬಾಗಿಲಿಗೆ ಹೋದರೂ ಮೊದಲು ಕೇಳುವುದು ಊಟ ಆಯಿತಾ ಎಂದು. ಅಕ್ಕ ಡಬ್ಬಿಯನ್ನು ಅವನ ಕೈಗಿಟ್ಟು ಕೇಳಿದರು:

“ನಿದ್ದೆ ಆಯ್ತಾ?”